ಉದ್ದ ತೊಟ್ಟಿಯಿಂದ ಕ್ಯೂಬ್ ಟ್ಯಾಂಕ್‌ಗೆ: ಉಪ್ಪುನೀರಿನ ಅಕ್ವೇರಿಯಂ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಮಾನ್ಯರೇ, ನನ್ನಲ್ಲಿ 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ಉಪ್ಪುನೀರಿನ ಅಕ್ವೇರಿಯಂ ಇದೆ. ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು, ಒಂದು ಹಳದಿ ಟ್ಯಾಂಗ್, ಒಂದು ರಾಯಲ್ ಗ್ರಾಮಾ ಮೀನು ಮತ್ತು ಒಂದಷ್ಟು ಮೆದು ಹವಳಗಳಿವೆ. ಗೋಡೆಯುದ್ದಕ್ಕೂ ಚಾಚಿಕೊಂಡಿರುವ ಈ ತೊಟ್ಟಿಯನ್ನು ತೆಗೆದು, ಮೂರು ಕಡೆಯಿಂದ ನೋಡಬಹುದಾದ 60 ಸೆಂ.ಮೀ.ನ ಕ್ಯೂಬ್ ಟ್ಯಾಂಕ್ ಇಡಬೇಕೆಂಬ ಆಸೆ. ಲೆಕ್ಕ ಹಾಕಿದರೆ ಎರಡರಲ್ಲೂ ಹಿಡಿಯುವ ನೀರು ಹೆಚ್ಚುಕಡಿಮೆ ಒಂದೇ. ಹಾಗಿದ್ದ ಮೇಲೆ ಈಗಿರುವ ಮೀನು, ಹವಳ, ದೀಪ, ಪಂಪುಗಳನ್ನೆಲ್ಲ ಹಾಗೆಯೇ ಅದಕ್ಕೆ ವರ್ಗಾಯಿಸಬಹುದಲ್ಲವೇ?

ಉತ್ತರ: ಹವಳಗಳು, ಕ್ಲೌನ್ ಜೋಡಿ ಮತ್ತು ಗ್ರಾಮಾ ಹೋಗಬಹುದು. ಹಳದಿ ಟ್ಯಾಂಗ್ ಹೋಗಬಾರದು. ದೀಪ ಮತ್ತು ಪಂಪುಗಳಲ್ಲಿ ಕೆಲವನ್ನು ಬದಲಾಯಿಸಬೇಕಾಗುತ್ತದೆ. ನೀರಿನ ಪ್ರಮಾಣ ಒಂದೇ ಇರುವಾಗ ಹೀಗೇಕೆ ಎಂದು ನಿಮಗೆ ಅನ್ನಿಸುವುದು ಸಹಜ.

ಮೊದಲು ಆ ಪ್ರಮಾಣವನ್ನೇ ನೋಡೋಣ. ಹೊರ ಅಳತೆಗಳನ್ನು ಗುಣಿಸಿದರೆ ನಿಮ್ಮ ಉದ್ದ ತೊಟ್ಟಿ 243 ಲೀಟರ್, ಕ್ಯೂಬ್ 216 ಲೀಟರ್ ಎಂದು ಬರುತ್ತದೆ. ಆದರೆ ಗಾಜಿನ ದಪ್ಪವನ್ನು ಕಳೆದು, ಮೇಲೆ 4 ಸೆಂ.ಮೀ. ಖಾಲಿ ಬಿಟ್ಟರೆ, 10 ಮಿ.ಮೀ. ಗಾಜಿನ ಉದ್ದ ತೊಟ್ಟಿಯಲ್ಲಿ ನಿಲ್ಲುವುದು ಸುಮಾರು 203 ಲೀಟರ್, 12 ಮಿ.ಮೀ. ಗಾಜಿನ ಕ್ಯೂಬ್‌ನಲ್ಲಿ ಸುಮಾರು 182 ಲೀಟರ್ ಅಷ್ಟೆ. ಕಲ್ಲು ಮತ್ತು ಮರಳು ಹಾಕಿದ ಮೇಲೆ ಅದೂ ಇನ್ನಷ್ಟು ಇಳಿಯುತ್ತದೆ. ಔಷಧಿಯನ್ನೋ ಕ್ಯಾಲ್ಸಿಯಂ ದ್ರಾವಣವನ್ನೋ ಹಾಕುವಾಗ 216 ಲೀಟರ್ ಎಂದೇ ಹಿಡಿದುಕೊಂಡರೆ ಪ್ರಮಾಣ ಹೆಚ್ಚಾಗಿಬಿಡುತ್ತದೆ. ಆದ್ದರಿಂದ ತೊಟ್ಟಿ ತುಂಬಿಸುವ ದಿನ ಎಷ್ಟು ಲೀಟರ್ ಹಿಡಿಯಿತೆಂದು ಅಳೆದು ಬರೆದಿಟ್ಟುಕೊಳ್ಳಿ.

ಇದಕ್ಕಿಂತ ದೊಡ್ಡ ವ್ಯತ್ಯಾಸವಿರುವುದು ನೀರಿನ ಮೇಲ್ಮೈಯಲ್ಲಿ. ಉದ್ದ ತೊಟ್ಟಿಯಲ್ಲಿ ಗಾಳಿಗೆ ತೆರೆದುಕೊಂಡ ನೀರಿನ ವಿಸ್ತೀರ್ಣ ಸುಮಾರು 5,070 ಚದರ ಸೆಂ.ಮೀ.; ಕ್ಯೂಬ್‌ನಲ್ಲಿ ಅದು ಸುಮಾರು 3,320ಕ್ಕೆ ಇಳಿಯುತ್ತದೆ, ಅಂದರೆ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ನಷ್ಟ. ನೀರಿಗೆ ಆಮ್ಲಜನಕ ಸೇರುವುದೂ ಇಂಗಾಲದ ಡೈಆಕ್ಸೈಡ್ ಹೊರಹೋಗುವುದೂ ಈ ಮೇಲ್ಮೈಯ ಮೂಲಕವೇ. ಮೊದಲೇ ಉಪ್ಪುನೀರು ಆಮ್ಲಜನಕದ ವಿಷಯದಲ್ಲಿ ಬಡವ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, ಸಮುದ್ರದಷ್ಟು ಲವಣಾಂಶವಿರುವ ನೀರು ಹಿಡಿದಿಡುವುದು 6.8 ಮಿಲಿಗ್ರಾಂ ಆಸುಪಾಸು ಮಾತ್ರ. ಪ್ರೋಟೀನ್ ಸ್ಕಿಮ್ಮರ್ (ಗಾಳಿಗುಳ್ಳೆಗಳಿಂದ ಕಲ್ಮಶವನ್ನು ನೊರೆಯಾಗಿ ತೆಗೆಯುವ ಸಾಧನ) ಮತ್ತು ಸಂಪ್ (ತೊಟ್ಟಿಯ ಕೆಳಗೆ ಉಪಕರಣಗಳಿಗಾಗಿ ಇಡುವ ಇನ್ನೊಂದು ಪುಟ್ಟ ತೊಟ್ಟಿ) ನಡೆಯುತ್ತಿರುವಷ್ಟು ಹೊತ್ತು ಈ ಕೊರತೆ ಗಮನಕ್ಕೆ ಬರುವುದಿಲ್ಲ. ಕರೆಂಟ್ ಹೋಗಿ ಎಲ್ಲವೂ ನಿಂತಾಗ ಕ್ಯೂಬ್‌ನ ಮೀನುಗಳು ಉದ್ದ ತೊಟ್ಟಿಯ ಮೀನುಗಳಿಗಿಂತ ಬೇಗ ಏದುಸಿರು ಬಿಡತೊಡಗುತ್ತವೆ. ಬ್ಯಾಟರಿಯಿಂದ ನಡೆಯುವ ಒಂದು ಏರ್ ಪಂಪನ್ನು ಪಕ್ಕದಲ್ಲಿಟ್ಟುಕೊಳ್ಳದೆ ಕ್ಯೂಬ್ ಟ್ಯಾಂಕ್ ಆರಂಭಿಸಬೇಡಿ. ಮೇಲ್ಮೈ ಕಡಿಮೆಯಾದ್ದರಿಂದ ನೀರು ಆವಿಯಾಗುವುದೂ ಕಡಿಮೆಯಾಗುತ್ತದೆ ಎಂಬುದೊಂದು ಲಾಭ. ಆದರೆ ಆವಿಯಾಗುವಿಕೆಯಿಂದ ಸಿಗುತ್ತಿದ್ದ ತಂಪೂ ಅದರ ಜೊತೆಗೇ ಕಡಿಮೆಯಾಗುವುದರಿಂದ ಸೆಕೆಗಾಲದಲ್ಲಿ ನೀರಿನ ಉಷ್ಣಾಂಶದ ಮೇಲೆ ಕಣ್ಣಿಡಬೇಕು.

ಇನ್ನು ಟ್ಯಾಂಗ್. ಇದು ಹವಾಯಿ ದ್ವೀಪಗಳ ಸುತ್ತಮುತ್ತಲ ಹವಳ ದಿಬ್ಬಗಳ ಮೇಲೆ ಹಗಲೆಲ್ಲ ಪಾಚಿ ಮೇಯುತ್ತಾ ಅಲೆಯುವ ಮೀನು. ಪೂರ್ಣ ಬೆಳೆದಾಗ 20 ಸೆಂ.ಮೀ. ಮುಟ್ಟುತ್ತದೆ. ನಿಮ್ಮ ಈಗಿನ ತೊಟ್ಟಿಯ ನಾಲ್ಕು ಅಡಿ ಉದ್ದವನ್ನೇ ಈ ಮೀನಿಗೆ ಕನಿಷ್ಠ ಎಂದು ಅನುಭವಿಗಳು ಹೇಳುತ್ತಾರೆ. ಕ್ಯೂಬ್‌ನ ಒಳಗಿನ ಉದ್ದ 57 ಸೆಂ.ಮೀ. ಚಿಲ್ಲರೆ, ಅಂದರೆ ಅದರ ಮೈಯುದ್ದದ ಮೂರು ಪಟ್ಟೂ ಇಲ್ಲ. ಮೂಲೆಯಿಂದ ಮೂಲೆಗೆ 81 ಸೆಂ.ಮೀ. ಸಿಗುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಆದರೆ ಕ್ಯೂಬ್‌ನಲ್ಲಿ ಕಲ್ಲುಗಳ ರಾಶಿ ಕೂರುವುದು ನಡುಮಧ್ಯದಲ್ಲೇ ಆದ್ದರಿಂದ ಆ ದಾರಿ ಮುಚ್ಚಿಹೋಗಿರುತ್ತದೆ. ಇಕ್ಕಟ್ಟಾದ ಟ್ಯಾಂಗ್ ಗಾಜಿನ ಗುಂಟ ಮೇಲಕ್ಕೂ ಕೆಳಕ್ಕೂ ಒಂದೇ ಸಮನೆ ಓಡಾಡತೊಡಗುತ್ತದೆ, ಮೈಮೇಲೆ ಬಿಳಿ ಚುಕ್ಕೆ ರೋಗ ಕಾಣಿಸಿಕೊಳ್ಳುತ್ತದೆ, ಜೊತೆಯವುಗಳ ಮೇಲೆ ಏರಿ ಹೋಗುತ್ತದೆ. ಅದರ ಬಾಲದ ಬುಡದಲ್ಲಿ ಎರಡೂ ಬದಿಗೆ ಒಂದೊಂದು ಬಿಳಿ ಮುಳ್ಳಿದೆ. ನೆಮ್ಮದಿಯಾಗಿದ್ದಾಗ ಮಡಚಿಕೊಂಡಿರುವ ಅದು ಜಗಳದಲ್ಲಿ ಬಿಚ್ಚಿಕೊಂಡು ಸಣ್ಣ ಚಾಕುವಿನಂತೆ ಕೊಯ್ಯುತ್ತದೆ. ಉದ್ದ ತೊಟ್ಟಿಯಲ್ಲಿ ಪೆಟ್ಟು ತಿನ್ನುವ ಮೀನು ಇನ್ನೊಂದು ತುದಿಗೆ ಓಡಿ ಪಾರಾಗಬಹುದು. ಕ್ಯೂಬ್‌ನಲ್ಲಿ ಓಡಿದರೂ ಅದು ಎದುರಾಳಿಯ ಕಣ್ಣಳತೆಯಲ್ಲೇ ಇರುತ್ತದೆ. ಟ್ಯಾಂಗ್‌ಗೆ ಬೇರೆ ದೊಡ್ಡ ತೊಟ್ಟಿಯ ಏರ್ಪಾಡು ಮಾಡಲು ಆಗದಿದ್ದರೆ, ನನ್ನ ಮಟ್ಟಿಗೆ, ಕ್ಯೂಬ್‌ನ ಆಸೆಯನ್ನೇ ಮುಂದೂಡುವುದು ನ್ಯಾಯ.

ಕ್ಯೂಬ್‌ಗೆ ಒಗ್ಗುವುದು ಒಂದು ಜಾಗ ಹಿಡಿದು ಬದುಕುವ ಮೀನುಗಳು. ಕ್ಲೌನ್ ಜೋಡಿ ತನ್ನ ಮೂಲೆಯನ್ನು ಬಿಟ್ಟು ಹೋಗುವುದೇ ಅಪರೂಪ. ಗ್ರಾಮಾಕ್ಕೆ ಕಲ್ಲಿನ ಚಾಚಿನ ಕೆಳಗೊಂದು ಬಿಲವಿದ್ದರೆ ಸಾಕು. ಟ್ಯಾಂಗ್‌ನ ಜಾಗ ತುಂಬಬೇಕೆಂದಿದ್ದರೆ ಹಳದಿ ವಾಚ್‌ಮನ್ ಗೋಬಿ ಎಂಬ ಮೀನು ಮತ್ತು ಪಿಸ್ತೂಲು ಸೀಗಡಿಯ ಜೋಡಿಯನ್ನು ಯೋಚಿಸಬಹುದು. ದೃಷ್ಟಿ ತೀರಾ ಮಂದವಾದ ಸೀಗಡಿ ಬಿಲ ತೋಡಿ, ಬುಲ್ಡೋಜರಿನ ಹಾಗೆ ಮರಳು ತಳ್ಳಿಕೊಂಡು ಹೊರಬರುವಾಗ ತನ್ನ ಮೀಸೆಯೊಂದನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅದುರಿಸುತ್ತದೆ, ಇಬ್ಬರೂ ಒಳಗೆ. ಇದಕ್ಕೆ ಬೇಕಾದದ್ದು ಉದ್ದವಲ್ಲ, 5 ಸೆಂ.ಮೀ. ಮರಳು ಮತ್ತು ಒಂದಷ್ಟು ಹವಳದ ಚೂರು. ಗ್ರಾಮಾ, ಗೋಬಿಗಳೆಲ್ಲ ಬೆದರಿದಾಗ ನೆಗೆಯುವ ಜಾತಿಗಳಾದ್ದರಿಂದ ಮೇಲೆ ಬಲೆಯ ಮುಚ್ಚಳವಂತೂ ಇರಲೇಬೇಕು. ಅಂಚಿಲ್ಲದ ಕ್ಯೂಬ್‌ನ ಅಂದ ಅದರಿಂದ ಸ್ವಲ್ಪ ಕೆಡುತ್ತದೆ ಎಂಬುದು ನಿಜ.

ದೀಪದ ವಿಷಯದಲ್ಲಿ ಕ್ಯೂಬ್ ಉದಾರಿ. ನಾಲ್ಕು ಅಡಿಯ ಟ್ಯೂಬ್ ದೀಪಗಳು ಅದರ ಮೇಲೆ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ನಡುಮಧ್ಯಕ್ಕೆ ಒಂದೇ ಒಳ್ಳೆಯ ಎಲ್‌ಇಡಿ ದೀಪವನ್ನು ನೀರಿನಿಂದ 20–25 ಸೆಂ.ಮೀ. ಮೇಲೆ ತೂಗುಹಾಕಿದರೆ ಚೌಕಕ್ಕೆಲ್ಲ ಬೆಳಕು ಹರಡುತ್ತದೆ. ಕಲ್ಲಿನ ನೆತ್ತಿಯಲ್ಲಿ ಬೆಳಕು ತೀಕ್ಷ್ಣವಾಗಿಯೂ ಮೂಲೆಗಳ ಮರಳಿನಲ್ಲಿ ಮಂದವಾಗಿಯೂ ಇರುವುದರಿಂದ, ನಿಮ್ಮ ಮೆದು ಹವಳಗಳನ್ನು ಮೊದಲು ಕೆಳಗಿಟ್ಟು, ದೀಪವನ್ನು ಅರ್ಧ ತೀವ್ರತೆಯಿಂದ ಆರಂಭಿಸಿ ಮೂರು ನಾಲ್ಕು ವಾರಗಳಲ್ಲಿ ಏರಿಸಿ.

ನೀರಿನ ಹರಿವು ಅಷ್ಟು ಸುಲಭವಲ್ಲ. ಉದ್ದ ತೊಟ್ಟಿಯ ಒಂದು ತುದಿಯಲ್ಲಿಟ್ಟ ಹರಿವಿನ ಪಂಪು, ಅಂದರೆ ವೇವ್‌ಮೇಕರ್ ನೀರನ್ನು ಮುಂಗಾಜಿನ ಗುಂಟ ದೂರಕ್ಕೆ ತಳ್ಳಿ ಹಿಂಗಾಜಿನ ಗುಂಟ ಹಿಂತಿರುಗಿಸುತ್ತದೆ. ಅದೇ ಪಂಪನ್ನು ಕ್ಯೂಬ್‌ಗೆ ಹಚ್ಚಿದರೆ ನೀರು ಎದುರು ಗಾಜಿಗೆ ಅಪ್ಪಳಿಸಿ ಕೆಳಕ್ಕೆ ತಿರುಗಿ, ಆ ಬದಿಯ ಮರಳನ್ನೆಲ್ಲ ಕೆದಕಿ ತಳದ ಗಾಜು ಕಾಣುವಂತೆ ಮಾಡುತ್ತದೆ. ಕಲ್ಲಿನ ಹಿಂದೆ ಮಾತ್ರ ಕಸ ಕದಲದೆ ಬಿದ್ದಿರುತ್ತದೆ. ಒಂದು ದೊಡ್ಡ ಪಂಪಿನ ಬದಲು ಹಿಂದಿನ ಎರಡು ಮೂಲೆಗಳಲ್ಲಿ ಎರಡು ಚಿಕ್ಕವನ್ನು ಹಚ್ಚಿ, ಸರದಿಯಂತೆ ನಡೆಸಿ, ಬಾಯನ್ನು ಮೇಲ್ಮೈಯತ್ತ ತುಸು ಎತ್ತಿಡಿ. ಮೆದು ಹವಳಗಳಿಗೆ ಗಂಟೆಗೆ ತೊಟ್ಟಿಯ ನೀರಿನ 10ರಿಂದ 20 ಪಟ್ಟು, ಅಂದರೆ ಸುಮಾರು 1,800ರಿಂದ 3,600 ಲೀಟರ್ ಹರಿವು ಸಾಕು.

ಕೊಳ್ಳುವ ಮೊದಲು ಇನ್ನೆರಡು ವಿಷಯ ಯೋಚಿಸಿ. ಸಂಪ್ ಇಡಲು ಉದ್ದ ತೊಟ್ಟಿಯ ಸ್ಟ್ಯಾಂಡಿನೊಳಗೆ ಒಂದು ಮೀಟರಿಗೂ ಹೆಚ್ಚು ಜಾಗವಿತ್ತು. ಕ್ಯೂಬ್‌ನ ಸ್ಟ್ಯಾಂಡಿನೊಳಗೆ ಸಿಗುವುದು 55 ಸೆಂ.ಮೀ. ಮಾತ್ರ. ಅದರಲ್ಲೇ ಸ್ಕಿಮ್ಮರ್, ಹೀಟರ್, ನೀರನ್ನು ಮತ್ತೆ ಮೇಲಕ್ಕೆ ಕಳಿಸುವ ರಿಟರ್ನ್ ಪಂಪ್, ಆವಿಯಾದ ನೀರನ್ನು ತುಂಬುವ ಪಾತ್ರೆ ಎಲ್ಲವೂ ಹಿಡಿಯಬೇಕು. ಅಲ್ಲದೆ ಪಂಪ್ ನಿಂತಾಗ ಮೇಲಿನ ತೊಟ್ಟಿಯಿಂದ 2 ಸೆಂ.ಮೀ. ನೀರು ಇಳಿದರೂ ಸುಮಾರು ಆರೂವರೆ ಲೀಟರ್ ಸಂಪಿಗೆ ಬಂದು ಬೀಳುತ್ತದೆ. ಅಷ್ಟು ಜಾಗ ಅಲ್ಲಿ ಸದಾ ಖಾಲಿ ಇರಬೇಕು. ಎರಡನೆಯದು ನಿಮ್ಮ ಕೈ. ಮುಂದಿನ ಅಂಚಿನಿಂದ ಹಿಂಬದಿಯ ತಳಕ್ಕೆ ಓರೆಯಾಗಿ 80 ಸೆಂ.ಮೀ. ಹತ್ತಿರವಾಗುತ್ತದೆ, ಯಾರ ತೋಳೂ ಅಷ್ಟುದ್ದವಿರುವುದಿಲ್ಲ. 80 ಸೆಂ.ಮೀ. ಎತ್ತರದ ಸ್ಟ್ಯಾಂಡಿನ ಮೇಲೆ ತೊಟ್ಟಿ ಕೂತರೆ ಅದರ ಅಂಚು ನೆಲದಿಂದ 140 ಸೆಂ.ಮೀ. ಎತ್ತರದಲ್ಲಿರುತ್ತದೆ, ಸ್ಟೂಲು ಹತ್ತಿ, ಕಂಕುಳವರೆಗೆ ತೋಳು ಮುಳುಗಿಸಿ, ಉದ್ದ ಇಕ್ಕಳದಲ್ಲಿ ಹವಳ ನೆಡಬೇಕಾಗುತ್ತದೆ. ಕಲ್ಲಿಗೂ ಗಾಜಿಗೂ ನಡುವೆ ಸುತ್ತಲೂ 12–15 ಸೆಂ.ಮೀ. ಬಿಟ್ಟರೆ ಪಾಚಿ ಉಜ್ಜುವ ಅಯಸ್ಕಾಂತ ಸಲೀಸಾಗಿ ಓಡಾಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಆಸೆ ಅರ್ಥವಾಗುವಂಥದ್ದು. ಬೆಳಕಿನ ವಕ್ರೀಭವನದಿಂದಾಗಿ ನೀರಿನ ಆಳ ನಮಗೆ ಇರುವುದರ ಮುಕ್ಕಾಲರಷ್ಟೇ ಕಾಣುತ್ತದೆ. ನಿಮ್ಮ ಉದ್ದ ತೊಟ್ಟಿಯಲ್ಲಿ ಮುಂದಿನಿಂದ ಹಿಂದಕ್ಕಿರುವ 43 ಸೆಂ.ಮೀ. ಬರೀ 32ರಂತೆ ಕಾಣುವುದರಿಂದಲೇ ಕಲ್ಲುಗಳು ಹಿಂಗಾಜಿಗೆ ಅಂಟಿಸಿದ ಚಿತ್ರದಂತೆ ತೋರುತ್ತವೆ. ಕ್ಯೂಬ್‌ನಲ್ಲಿ ಅದು 43ರಂತೆ ಕಾಣುತ್ತದೆ, ಕಲ್ಲಿನ ಹಿಂದೆ ಮರೆಯಾದ ಮೀನು ಇನ್ನೊಂದು ಬದಿಯಲ್ಲಿ ಮೂಡುತ್ತದೆ, ಮುಂದಿನ ಮೂಲೆಗೆ ಎದುರಾಗಿ ನಿಂತರೆ ಒಂದೇ ಕ್ಲೌನ್ ಎರಡು ಗಾಜುಗಳಲ್ಲಿ ಎರಡಾಗಿ ಈಜುತ್ತದೆ. ಹವಳವೇ ಮುಖ್ಯ, ಮೀನು ನಾಲ್ಕೈದು ಸಾಕು ಎನ್ನುವವರಿಗೆ ನಾನು ಹಿಂಜರಿಕೆಯಿಲ್ಲದೆ ಕ್ಯೂಬನ್ನೇ ಹೇಳುತ್ತೇನೆ.

ಪ್ರಶ್ನೆ: ಕ್ಯೂಬ್ ಟ್ಯಾಂಕ್ ತಂದಾಗಿದೆ. ಹಳೆಯ ತೊಟ್ಟಿಯಲ್ಲಿನ ಜೀವಿಗಳನ್ನು ಒಂದೇ ದಿನದಲ್ಲಿ ಸ್ಥಳಾಂತರಿಸಬಹುದೇ? ಹಳೆಯ ಮರಳು ಮತ್ತು ನೀರನ್ನು ಉಳಿಸಿಕೊಂಡರೆ ಹೊಸ ತೊಟ್ಟಿ ಬೇಗ ಹದಕ್ಕೆ ಬರುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಒಂದೇ ದಿನದಲ್ಲಿ ಮಾಡಬಹುದು, ಒಂದೇ ದಿನದಲ್ಲಿ ಮಾಡುವುದೇ ಒಳ್ಳೆಯದು. ಆದರೆ ತಯಾರಿಗೆ ಹಲವು ದಿನ ಬೇಕು. ಖಾಲಿ ತೊಟ್ಟಿಯನ್ನು ಅದು ಕಾಯಂ ಇರುವ ಜಾಗದಲ್ಲೇ, ಮಟ್ಟಗೋಲು ಇಟ್ಟು ನೋಡಿ, ಅಂಚಿಲ್ಲದ ತಳವಾದರೆ ಕೆಳಗೆ ಫೋಮ್ ಹಾಸಿ ಕೂರಿಸಿ, ಸಿಹಿನೀರು ತುಂಬಿಸಿ ಎರಡು ದಿನ ಹಾಗೇ ಬಿಡಿ. ಸೋರಿಕೆ ಇದ್ದರೆ ಆಗ ಗೊತ್ತಾಗಲಿ. ಹಿಂದಿನ ದಿನವೇ ಆರ್.ಓ. ನೀರಿಗೆ ಉಪ್ಪಿನ ಮಿಶ್ರಣ ಹಾಕಿ, ಪಂಪಿನಿಂದ ಕದಡಿಸುತ್ತಾ, ಹಳೆಯ ತೊಟ್ಟಿಯಷ್ಟೇ ಲವಣಾಂಶ ಮತ್ತು ಉಷ್ಣಾಂಶಕ್ಕೆ ತಂದಿಟ್ಟುಕೊಳ್ಳಿ. ಸಾಪೇಕ್ಷ ಸಾಂದ್ರತೆ 1.025 ಇದ್ದರೆ ಲವಣಾಂಶ ಸಾವಿರಕ್ಕೆ ಸುಮಾರು 35 ಭಾಗ ಇರುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ: ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಿಕೊಂಡಿರುವುದು ತೀರಾ ಕಡಿಮೆ, ಅವು ಅಂಟಿಕೊಂಡಿರುವುದು ಕಲ್ಲಿಗೆ ಮತ್ತು ಮರಳಿಗೆ. ಹೀಗಾಗಿ ಹಳೆಯ ನೀರನ್ನು ಉಳಿಸಿಕೊಳ್ಳುವುದು ಜೀವಿಗಳಿಗೆ ಏಕಾಏಕಿ ಬದಲಾವಣೆ ಆಗದಿರಲಿ ಎಂಬ ಕಾರಣಕ್ಕೇ ಹೊರತು ಬ್ಯಾಕ್ಟೀರಿಯಾಕ್ಕಾಗಿ ಅಲ್ಲ. ಮರಳಿನ ಮಾತು ಬೇರೆ. ವರ್ಷಗಟ್ಟಲೆ ಕದಲದೆ ಬಿದ್ದಿರುವ ಮರಳಿನಡಿ ಮೀನಿನ ಮಲ, ಉಳಿದ ಆಹಾರ ಎಲ್ಲವೂ ಕೊಳೆತು ಕೂತಿರುತ್ತದೆ. ಆಮ್ಲಜನಕವಿಲ್ಲದ ಆಳದ ಪದರದಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟಿರುತ್ತದೆ. ಅದನ್ನು ಬಾಚಿ ಹೊಸ ತೊಟ್ಟಿಗೆ ಸುರಿದರೆ ಕಪ್ಪು ಪದರ ಕದಡಿ, ಕೊಳೆತ ಮೊಟ್ಟೆಯ ವಾಸನೆ ಬಂದು, ಮೀನುಗಳು ಅಂದೇ ಸಾಯಬಹುದು. ಹೊಸ ಮರಳು ಹಾಕಿ, ಹಳೆಯದರ ಮೇಲ್ಪದರದಿಂದ ಒಂದು ಲೋಟದಷ್ಟನ್ನು ಮಾತ್ರ ಬೀಜದ ಹಾಗೆ ಸೇರಿಸಿ. ಹಳೆಯ ಮರಳೇ ಬೇಕೆಂದರೆ, ನೀರು ತಿಳಿಯಾಗಿ ಹರಿಯುವವರೆಗೆ ತೊಳೆದು ಬಳಸಿ. ಬ್ಯಾಕ್ಟೀರಿಯಾ ಬಹುಪಾಲು ಹೋಗುತ್ತವೆ, ಆದರೆ ಕಲ್ಲಿನಲ್ಲಿರುವವು ಸಾಕಾಗುತ್ತವೆ.

ಆ ದಿನದ ಕ್ರಮ ಹೀಗಿರಲಿ. ಮೊದಲು ಯಾವುದನ್ನೂ ಕದಡದೆ ಮೇಲಿನ ತಿಳಿನೀರನ್ನು ಸ್ವಚ್ಛವಾದ ಡ್ರಮ್ಮುಗಳಿಗೆ ತುಂಬಿಕೊಂಡು, ಒಂದರಲ್ಲಿ ಹೀಟರ್ ಮತ್ತು ವೇವ್‌ಮೇಕರ್ ಹಾಕಿ. ಹವಳಗಳನ್ನು, ಅನಂತರ ಕಲ್ಲುಗಳನ್ನು ಅದಕ್ಕೆ ವರ್ಗಾಯಿಸಿ. ಮೀನು ಕೊನೆಗೆ: ಕಲ್ಲುಗಳೆಲ್ಲ ಹೋಗಿ ಒಂದು ಗೇಣು ನೀರು ಉಳಿದಾಗ ಅವು ಓಡಲು ಜಾಗವಿಲ್ಲದೆ ಸುಲಭವಾಗಿ ಸಿಗುತ್ತವೆ, ಮೊದಲೇ ಬಲೆ ಹಿಡಿದು ಹೊರಟರೆ ಗಂಟೆಗಟ್ಟಲೆ ಹೆಣಗಿ ಅವುಗಳನ್ನೂ ದಣಿಸುತ್ತೀರಿ. ಹೊಸ ತೊಟ್ಟಿಯಲ್ಲಿ ಕಲ್ಲುಗಳನ್ನು ನೇರವಾಗಿ ತಳದ ಮೇಲೆ ಭದ್ರವಾಗಿ ಕೂರಿಸಿದ ಮೇಲೆಯೇ ಮರಳು ಸುರಿಯಿರಿ. ಮರಳಿನ ಮೇಲೆ ಕಲ್ಲು ಕೂರಿಸಿದರೆ ಬಿಲ ತೋಡುವ ಜೀವಿಗಳು ಅದನ್ನು ಉರುಳಿಸುವ ಭಯವಿದೆ.

ನಿಮ್ಮ ಕಲ್ಲುಗಳ ಮೇಲೆ ಹವಳದ ಹತ್ತಿರದ ಬಂಧುಗಳಾದ ಜೊಯಾಂಥಿಡ್‌ಗಳಿದ್ದರೆ ಒಂದು ಎಚ್ಚರಿಕೆ. ಅವುಗಳಲ್ಲಿ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಅತ್ಯಂತ ತೀವ್ರ ವಿಷವಿರುತ್ತದೆ. ಕೈಗವಸು ಮತ್ತು ಕನ್ನಡಕವಿಲ್ಲದೆ ಮುಟ್ಟಬೇಡಿ. ಬೇಡವಾದ ಕಲ್ಲನ್ನು ಸ್ವಚ್ಛಗೊಳಿಸಲೆಂದು ಕುದಿಸುವುದು, ಬಿಸಿನೀರು ಹೊಯ್ಯುವುದು, ಒಣಗಿದ್ದನ್ನು ಕೆರೆಯುವುದು ಯಾವುದನ್ನೂ ಮಾಡಬೇಡಿ. ಆ ಆವಿಯನ್ನು ಉಸಿರಾಡಿ ಇಡೀ ಮನೆಮಂದಿ ಆಸ್ಪತ್ರೆ ಸೇರಿದ ನಿದರ್ಶನಗಳಿವೆ.

ಮುಂದಿನ ಒಂದು ವಾರ ದಿನಕ್ಕೊಮ್ಮೆ ಅಮೋನಿಯಾ ಪರೀಕ್ಷಿಸಿ, ಆಹಾರವನ್ನು ಅರ್ಧಕ್ಕೆ ಇಳಿಸಿ. ಅಮೋನಿಯಾ ಕಂಡರೆ ತಯಾರಿಟ್ಟ ಉಪ್ಪುನೀರಿನಿಂದ ಕಾಲುಭಾಗ ನೀರು ಬದಲಾಯಿಸಿ.

ಪ್ರಶ್ನೆ: ನೀರು ಕಡಿಮೆ ಹಿಡಿಯುವ ಕ್ಯೂಬ್‌ಗೆ ಹೆಚ್ಚು ದಪ್ಪದ ಗಾಜು ಏಕೆ? ಮಹಡಿಯ ಮೇಲೆ ಇಡಲು ಉದ್ದ ತೊಟ್ಟಿಗಿಂತ ಕ್ಯೂಬ್ ಹಗುರವಲ್ಲವೇ?

ಉತ್ತರ: ಗಾಜಿನ ಮೇಲಿನ ಒತ್ತಡವನ್ನು ನಿರ್ಧರಿಸುವುದು ನೀರಿನ ಆಳವೇ ಹೊರತು ಒಟ್ಟು ನೀರಲ್ಲ. 45 ಸೆಂ.ಮೀ. ಆಳದಲ್ಲಿ ಉಪ್ಪುನೀರು ಪ್ರತಿ ಚದರ ಸೆಂ.ಮೀ. ಮೇಲೆ ಸುಮಾರು 46 ಗ್ರಾಂ ಭಾರ ಹೇರಿದರೆ 60 ಸೆಂ.ಮೀ. ಆಳದಲ್ಲಿ ಸುಮಾರು 61 ಗ್ರಾಂ ಹೇರುತ್ತದೆ. ಹಲಗೆ ಉದ್ದವಾದಷ್ಟೂ ಹೆಚ್ಚು ಬಾಗುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ, ಅದರಲ್ಲಿ ಕ್ಯೂಬ್‌ಗೆ ಅನುಕೂಲವಿದೆ. ಆದರೆ ಮೇಲಂಚಿಗೆ ಪಟ್ಟಿಯಿಲ್ಲದ ಕ್ಯೂಬ್‌ನಲ್ಲಿ ಎಲ್ಲ ಭಾರವನ್ನೂ ಸಿಲಿಕೋನ್ ಬೆಸುಗೆಯೇ ಹೊರಬೇಕಾದ್ದರಿಂದ 12 ಮಿ.ಮೀ. ಅತಿಯಾಯಿತು ಎನ್ನುವಂತಿಲ್ಲ.

ಭಾರದ ವಿಷಯದಲ್ಲಿ ಒಟ್ಟು ತೂಕ ತುಸು ಕಡಿಮೆ, ನೆಲದ ಮೇಲಿನ ಒತ್ತಡ ಹೆಚ್ಚು. ನೀರು, ಗಾಜು, ಕಲ್ಲು, ಸಂಪ್, ಸ್ಟ್ಯಾಂಡ್ ಎಲ್ಲ ಸೇರಿ 60 ಸೆಂ.ಮೀ.ನ ಕ್ಯೂಬ್ 350 ಕಿಲೋ ದಾಟುತ್ತದೆ, ಅದಷ್ಟೂ 0.36 ಚದರ ಮೀಟರಿನಲ್ಲಿ ಕೂರುತ್ತದೆ. ಅಂದರೆ ಚದರ ಮೀಟರಿಗೆ ಒಂದು ಟನ್ ಹತ್ತಿರ. ನಾಲ್ಕು ಅಡಿಯ ತೊಟ್ಟಿಯಲ್ಲಿ ಅದು ಮುಕ್ಕಾಲು ಟನ್ನಿನ ಒಳಗಿರುತ್ತದೆ. ಕಾಂಕ್ರೀಟ್ ನೆಲದಲ್ಲಿ, ಭಾರ ಹೊರುವ ಗೋಡೆಗೆ ಒತ್ತಿ ಅಥವಾ ತೊಲೆಯ ಮೇಲೆ ಇಟ್ಟರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಕೋಣೆಯ ನಡುವೆ ಇಡಬೇಕೆಂದಿದ್ದರೆ ಅಥವಾ ಮರದ ನೆಲವಾಗಿದ್ದರೆ ಕಟ್ಟಡದ ಎಂಜಿನಿಯರೊಬ್ಬರಿಗೆ ತೋರಿಸಿ.

ಪ್ರಶ್ನೆ: ನನ್ನದು ಗೋಲ್ಡ್‌ಫಿಶ್ ಇರುವ ಉದ್ದನೆಯ ಸಿಹಿನೀರಿನ ತೊಟ್ಟಿ. ಅದನ್ನು ಕೊಟ್ಟು ಕ್ಯೂಬ್ ತಂದು ಉಪ್ಪುನೀರು ಆರಂಭಿಸಬೇಕೆಂದಿದ್ದೇನೆ. ಹಳೆಯ ಫಿಲ್ಟರ್, ಕಲ್ಲು, ಹೀಟರ್ ಬಳಸಬಹುದೇ? ಅಡುಗೆ ಉಪ್ಪು ಸಾಲದೇ?

ಉತ್ತರ: ಅಡುಗೆ ಉಪ್ಪು ಸಾಲದು. ಸಮುದ್ರದ ಲವಣಗಳಲ್ಲಿ ಸೋಡಿಯಂ ಕ್ಲೋರೈಡ್ ನೂರಕ್ಕೆ ಸುಮಾರು 85 ಭಾಗ. ಉಳಿದದ್ದು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು, ಹವಳ ಅಸ್ಥಿ ಕಟ್ಟಿಕೊಳ್ಳುವುದು ಈ ಉಳಿದದ್ದರಿಂದ. ಅಕ್ವೇರಿಯಂಗೆಂದೇ ಸಿಗುವ ಮಿಶ್ರಣ ಬಳಸಿ. 180 ಲೀಟರಿಗೆ ಸುಮಾರು ಆರೂವರೆಯಿಂದ ಏಳು ಕಿಲೋ ಬೇಕಾಗುತ್ತದೆ. ಉಪ್ಪು ಆವಿಯಾಗುವುದಿಲ್ಲವಾದ್ದರಿಂದ ದಿನವೂ ಇಳಿದ ಮಟ್ಟವನ್ನು ಸಿಹಿನೀರಿನಿಂದಲೇ ತುಂಬಬೇಕು ಎಂಬುದು ಹೊಸಬರು ಮರೆಯುವ ವಿಷಯ.

ಸಿಹಿನೀರಿನ ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾಗಳು ಒಮ್ಮೆಗೇ ಬರುವ ಇಷ್ಟು ಉಪ್ಪನ್ನು ತಾಳಿಕೊಳ್ಳುವುದಿಲ್ಲ, ಹಾಗಾಗಿ ಆ ಸ್ಪಂಜು ಹೊಸ ತೊಟ್ಟಿಯ ಕಾಯುವಿಕೆಯನ್ನು ಕಡಿಮೆ ಮಾಡುವುದಿಲ್ಲ. ಮೀನು ಬಿಡುವ ಮುನ್ನ ನಾಲ್ಕರಿಂದ ಆರು ವಾರ ಕಾಯುವುದು ಅನಿವಾರ್ಯ. ಗಾಜಿನ ಹೀಟರ್ ಸುಸ್ಥಿತಿಯಲ್ಲಿದ್ದರೆ ಬಳಸಬಹುದು. ತೆರೆದ ಲೋಹದ ಭಾಗವಿರುವ ಯಾವ ಉಪಕರಣವನ್ನೂ ಬಳಸಬೇಡಿ, ಉಪ್ಪುನೀರು ಅದನ್ನು ತಿಂದುಹಾಕುತ್ತದೆ. ಅಲಂಕಾರದ ಕಲ್ಲುಗಳನ್ನು ಹಳೆಯ ತೊಟ್ಟಿಯ ಜೊತೆಗೇ ಕೊಟ್ಟುಬಿಡಿ. ಗೋಲ್ಡ್‌ಫಿಶ್‌ಗೆ ಎಂದಾದರೂ ತಾಮ್ರ ಬೆರೆತ ಔಷಧಿ ಹಾಕಿದ್ದರಂತೂ ಅವುಗಳನ್ನು ಕ್ಯೂಬ್‌ಗೆ ಇಳಿಸಲೇಬಾರದು, ಏಕೆಂದರೆ ಕಲ್ಲು ಹೀರಿಕೊಂಡ ತಾಮ್ರ ನಿಧಾನವಾಗಿ ಬಿಟ್ಟುಕೊಳ್ಳುತ್ತಾ ಹೋಗುತ್ತದೆ, ಮೀನು ತಡೆದುಕೊಳ್ಳುವ ಪ್ರಮಾಣದಲ್ಲೇ ಸೀಗಡಿ, ಬಸವನಹುಳು ಮತ್ತು ಹವಳಗಳು ಸಾಯುತ್ತವೆ.